ಬಿಟ್ಟು ಬಂದವರಿಗೆ ಮೊದಲ ತಟ್ಟೆ

ಒಮಾನಿನ ಸೊಹಾರ್ ಪಟ್ಟಣದ ಕನ್ನಡಿಗರಲ್ಲಿ ಸುವರ್ಣಾಳ ಬಾಯಿಗೆ ಹೆದರದವರು ಯಾರಿದ್ದರು ಹೇಳಿ? ಕುಲುಮೆಯ ಪಕ್ಕ ನಿಂತು ದುಡಿಯುವ ಗಟ್ಟಿಗರು, ಮ್ಯಾನೇಜರನ ಮುಖಕ್ಕೇ ಜವಾಬು ಕೊಡುವವರು, ಅಂಥವರೂ ಯಾರದೋ ಮನೆಯ ನಾಮಕರಣದಲ್ಲಿ ಅವಳು ಎದುರಾದರೆ ತಟ್ಟನೆ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಗುಳೇದಗುಡ್ಡದ ಹೈಸ್ಕೂಲಿನ ಡ್ರಿಲ್ ಮಾಸ್ತರರ ಮಗಳು, ಅಪ್ಪನ ಸೀಟಿ ಕೇಳಿಕೊಂಡೇ ಬೆಳೆದವಳು. ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿ ಓದಿ, ಕಾರ್ಖಾನೆಯ ಇಂಜಿನಿಯರ್ ಸಚ್ಚಿದಾನಂದನ ಕೈಹಿಡಿದು ಒಮಾನಿಗೆ ಬಂದು, ಇಲ್ಲಿನ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದ್ದಳು. ಅವಳ ಸಿಟ್ಟೆಲ್ಲ ನೋವಿದ್ದವರ ಮೇಲಲ್ಲ, ನೋವಿಗೆ ಕೈಮುಗಿದು ಸೋಫಾ ಹಿಡಿದವರ ಮೇಲೆ.

ಕ್ಲಿನಿಕ್ಕಿಗೆ ಬರುವ ನಮ್ಮವರಿಗೆ ಬೇಕಾಗಿದ್ದದ್ದು ಒಂದೇ, ಅದು ‘ಕರೆಂಟು’. ಸೊಂಟಕ್ಕೋ ಮಂಡಿಗೋ ಪ್ಯಾಡು ಅಂಟಿಸಿ ಜುಮ್ಮೆನ್ನಿಸುವ ಆ ಮಷೀನಿನ ಪಕ್ಕ ಕಣ್ಣುಮುಚ್ಚಿ ಮಲಗಿದರೆ ಮುಗಿಯಿತು, ಚಿಕಿತ್ಸೆ ಆಯಿತು ಎಂದೇ ಲೆಕ್ಕ. ವ್ಯಾಯಾಮ ಹೇಳಿಕೊಟ್ಟರೆ ಗೋಣು ಅಲ್ಲಾಡಿಸುವುದು, ಲಿಫ್ಟು ಇಳಿಯುವಷ್ಟರಲ್ಲಿ ಮರೆಯುವುದು. ಸುವರ್ಣಾ ಬಿಡುತ್ತಿರಲಿಲ್ಲ. ವರ್ಷಗಟ್ಟಲೆ ಬೇರು ಬಿಟ್ಟ ನೋವು ಮಷೀನಿಗೆ ಜಗ್ಗುವುದಿಲ್ಲ, ದಿನಾ ಸ್ವಲ್ಪ ಸ್ವಲ್ಪವೇ ಆಡಿಸಿದ ಮೈಗೆ ಜಗ್ಗುತ್ತದೆ ಎಂದು ಒಬ್ಬೊಬ್ಬರಿಗೂ ಒರಳಿನಲ್ಲಿ ಹಾಕಿ ರುಬ್ಬಿದಂತೆ ಹೇಳುತ್ತಿದ್ದಳು. ಕೇಳಿದವರು ಕೇಳುತ್ತಿದ್ದರು, ಕೇಳದವರು ಬೈಸಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಕಚ್ಚಾ ಎಣ್ಣೆಯ ಬೆಲೆ ಬಿತ್ತು. ಎರಡು ಸಾವಿರದ ಹದಿನಾರರ ಆ ದಿನಗಳನ್ನು ಕಂಡವರಿಗೆ ಬಿಡಿಸಿ ಹೇಳುವುದೇ ಬೇಡ. ಓವರ್‌ಟೈಮ್ ನಿಂತಿತು, ಹೊಸ ಪ್ರಾಜೆಕ್ಟುಗಳು ನಿಂತವು, ಶಾಲೆಯಲ್ಲಿ ವರ್ಷದ ನಡುವೆಯೇ ಬೆಂಚು ಖಾಲಿಯಾದವು. ಪ್ರತಿ ಬಿಲ್ಡಿಂಗಿನ ಕೆಳಗೂ ಯಾರದೋ ಒಬ್ಬರ ಮಂಚ, ಫ್ರಿಜ್ಜು ಮಾರಾಟಕ್ಕೆ ನಿಂತಿರುತ್ತಿತ್ತು. ಇನ್ಶೂರೆನ್ಸಿನವರು ಮೊದಲು ಕತ್ತರಿ ಹಾಕಿದ್ದೇ ಫಿಸಿಯೋಥೆರಪಿಗೆ. ಕ್ಲಿನಿಕ್ಕಿನ ಮಾಲೀಕ ಒಂದು ಗುರುವಾರ ಸುವರ್ಣಾಳನ್ನು ಕರೆದು, ಚಹಾ ಕುಡಿಸಿ, ನಿಮ್ಮ ವಿಭಾಗ ಖಲಾಸ್ ಎಂದುಬಿಟ್ಟ. ಅವಳು ಅಳಲಿಲ್ಲ. ಮನೆಗೆ ಬಂದು ಮೂರು ದಿನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದು ಮತ್ತೆ ಏರಿಸಿದಳು. ಸಚ್ಚಿದಾನಂದನಾಗಲಿ ಮಗಳು ಖುಷಿಯಾಗಲಿ ಆ ಕಡೆ ಹಾಯಲಿಲ್ಲ.

ಡಬ್ಬಿ ಮುಗಿದ ಮೇಲೆ ಫೋನುಗಳು ಶುರುವಾದವು. ಹಳೆಯ ಪೇಷಂಟುಗಳು ಎಲ್ಲರೂ ಪಿಸುಮಾತಿನಲ್ಲೇ ಮಾತಾಡುತ್ತಿದ್ದರು. ಯಾಕೆ ಅಂತೀರಾ? ಕಂಪನಿಗಳು ಜನರನ್ನು ಕಳಿಸುತ್ತಿದ್ದ ಕಾಲ. ಬೆನ್ನು ಹಿಡಿದುಕೊಂಡು ನಡೆಯುವವನನ್ನು ಮೇಲಿನವರು ನೋಡಿದರೆ ಮುಗಿಯಿತು, ಮುಂದಿನ ಹೆಸರು ಅವನದೇ ಎಂಬ ಭಯ. ಹಾಗಾಗಿ ಗಂಡಸರು ನೋವನ್ನು ಕಳ್ಳಮಾಲಿನಂತೆ ಬಚ್ಚಿಡುತ್ತಿದ್ದರು. ಹೆಂಡಂದಿರು ಇದಕ್ಕೊಂದು ಉಪಾಯವನ್ನೂ ಕಂಡುಹಿಡಿದಿದ್ದರು. ಶುಕ್ರವಾರ, ಶನಿವಾರ ರಜೆ ತಾನೇ? ಎರಡೂ ದಿನ ಗಂಡನನ್ನು ಮಂಚ ಬಿಟ್ಟು ಇಳಿಯಗೊಡುವುದಿಲ್ಲ. ಕೂತಲ್ಲಿಗೆ ಊಟ, ಮಲಗಿದಲ್ಲಿಗೆ ಚಹಾ. ಭಾನುವಾರ ಡ್ಯೂಟಿಗೆ ಹೋಗುವಾಗ ಮೈ ತಾಜಾ ಇರಲಿ ಅಂತ ಜೋಪಾನ. ಆಗುತ್ತಿದ್ದದ್ದು ಮಾತ್ರ ಉಲ್ಟಾ. ಎರಡು ದಿನ ಅಲ್ಲಾಡದ ಕೀಲು ಮೂರನೆಯ ದಿನ ಬೆಳಗ್ಗೆ ತುಕ್ಕು ಹಿಡಿದ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ಭಾನುವಾರವೇ ನೋವು ಹೆಚ್ಚು. ನೋವು ಹೆಚ್ಚಾಯಿತಲ್ಲ ಅಂತ ಮುಂದಿನ ವಾರ ಇನ್ನಷ್ಟು ಮಲಗಿಸುವುದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಸುವರ್ಣಾ ನಡೆಯಿರಿ ಅಂದರೆ ಹೆಂಡಂದಿರ ಪ್ರೀತಿ ಮಲಗಿಸುತ್ತಿತ್ತು.

ಅವಳಿಗೆ ರೇಗಿಹೋಯಿತು. ಎಲ್ಲರೂ ಶುಕ್ರವಾರ ಬೆಳಗ್ಗೆ ನನ್ನ ಮನೆಗೆ ಬರ್ರಿ ಎಂದು ಆಜ್ಞೆ ಹೊರಡಿಸಿದಳು. ಫೀಸಿನ ಮಾತೇ ಇಲ್ಲ. ನಡುಮನೆಯ ಸೋಫಾ ಗೋಡೆಗೆ ಸರಿಯಿತು, ಊಟದ ಕುರ್ಚಿಗಳು ಸಾಲಾಗಿ ನಿಂತವು. ಮೈಸೂರು ಕಡೆಯ ಅಕೌಂಟೆಂಟ್ ಕೆಂಪಣ್ಣ ಬಂದರು, ಅವರದು ಕುತ್ತಿಗೆ ಮತ್ತು ಭುಜ. ಅವರ ಹೆಂಡತಿ ಸುಶೀಲಮ್ಮ ಬಂದರು, ಅವರದು ಎರಡೂ ಮಂಡಿ. ಇಂಡಿಯನ್ ಸ್ಕೂಲಿನ ಟೀಚರ್ ಪ್ಯಾಟ್ರಿಷಿಯಾ ಬಂದಳು. ಉಡುಪಿಯವಳು. ನನಗೆ ಮೈಯೆಲ್ಲ ನೋವುಂಟು, ರಿಪೋರ್ಟಿನಲ್ಲಿ ಮಾತ್ರ ಎಂಥದೂ ಇಲ್ಲ, ಹಾಗಾಗಿ ಯಾರೂ ನಂಬುವುದಿಲ್ಲ ಎಂದು ಮೊದಲ ದಿನವೇ ಹೇಳಿ ಅವಳು ಕಣ್ಣೊರೆಸಿಕೊಂಡಾಗ, ನಾನು ನಂಬ್ತೀನಿ, ಆ ಕುರ್ಚಿ ಹಿಡಕೊಂಡು ನಿಂದರು ಎಂದು ಸುವರ್ಣಾ ಕೆಲಸ ಶುರುಮಾಡಿಸಿದಳು. ಇನ್ನೂ ನಾಲ್ಕಾರು ಮಂದಿ ಬಂದರು. ಅವರಲ್ಲಿ ಕಲ್ಲಯ್ಯನೂ ಒಬ್ಬ.

ಕಲ್ಲಯ್ಯ ರೋಣ ತಾಲ್ಲೂಕಿನವನು, ಉಕ್ಕಿನ ಕಾರ್ಖಾನೆಯಲ್ಲಿ ಮೆಕ್ಯಾನಿಕಲ್ ಸೂಪರ್‌ವೈಸರ್. ಐವತ್ತರ ಹತ್ತಿರದ ಸಂಭಾವಿತ. ಸುವರ್ಣಾಳನ್ನು ನಮ್ಮ ಕಡೆ ಸಾಲಿಯ ಟೀಚರನ್ನು ಕರೆಯುವಂತೆ ‘ಅಕ್ಕಾರ’ ಎಂದು ಕರೆಯುತ್ತಿದ್ದ. ಅವನ ಸೊಂಟ, ಮಂಡಿ ಎರಡೂ ಏಳೆಂಟು ವರ್ಷದಿಂದ ನೋವು ತಿನ್ನುತ್ತಿದ್ದವು. ಕೆಲಸವೋ, ಕಬ್ಬಿಣದ ಏಣಿ ಹತ್ತಿ ಇಳಿಯುವುದು. ಕಂಪನಿಯ ವಾರ್ಷಿಕ ಫಿಟ್‌ನೆಸ್ ಟೆಸ್ಟ್ ಎದುರಿಗಿತ್ತು. ಹಿಂದಿನ ಸಲ ಅದರಲ್ಲಿ ‘ಅನ್‌ಫಿಟ್’ ಆದವರು ತಿಂಗಳೊಪ್ಪತ್ತಿನಲ್ಲಿ ವಿಮಾನ ಹತ್ತಿದ್ದರು. ಮಗಳು ಹನ್ನೆರಡನೆಯ ಕ್ಲಾಸಿನಲ್ಲಿದ್ದಳು. ಅದೊಂದು ಮುಗಿಯುವವರೆಗಾದರೂ ಇಲ್ಲಿ ಉಳಿಯಬೇಕು, ಅಷ್ಟು ಮಾಡಿಕೊಡಿ ಎಂದು ಅವನು ಕೇಳಿದ್ದ. ಸುವರ್ಣಾ ಹೂಂ ಅಂದಿದ್ದಳು. ಹಾಗೆ ಹೂಂ ಅಂದಮೇಲೆ ಅದು ಅವಳ ಮಾನದ ಪ್ರಶ್ನೆಯೂ ಆಯಿತು ಅನ್ನಿ. ಕ್ಲಿನಿಕ್ಕಿನವರು ಬೇಡವೆಂದ ವಿದ್ಯೆ ಅದು. ಬೇಕಾದದ್ದು ಎಂದು ಒಬ್ಬ ಕಲ್ಲಯ್ಯನಾದರೂ ಎದ್ದು ನಿಂತು ತೋರಿಸಬೇಕಿತ್ತು.

ಕಲ್ಲಯ್ಯ ಮಾಡಿದ, ಬಹಳ ಚೆಂದ ಮಾಡಿದ. ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವುದು. ಗೋಡೆ ಹಿಡಿದು ಹಿಮ್ಮಡಿ ಎತ್ತುವುದು. ಒಂದು ಮೆಟ್ಟಿಲು ಹತ್ತಿ ಇಳಿಯುವುದು. ಸುವರ್ಣಾಳ ಪಾಠ ಸರಳ. ಇವತ್ತು ಮೈ ಹಗುರ ಅಂತ ಹೆಚ್ಚು ಮಾಡಬೇಡಿ, ಭಾರ ಅಂತ ಪೂರಾ ಬಿಡಬೇಡಿ. ಆಗುವುದಕ್ಕಿಂತ ಸ್ವಲ್ಪ ಕಡಿಮೆಯಿಂದ ಹಿಡಿದು ವಾರವಾರವೂ ಚೂರೇ ಚೂರು ಏರಿಸಿ. ನೋಯುವುದೆಲ್ಲ ಕೆಡುವುದಲ್ಲ. ಇಷ್ಟೆಲ್ಲ ಸರಿಯೇ. ಆದರೆ ಅವಳಿಗೆ ಇನ್ನೊಂದು ನಿಯಮವಿತ್ತು, ಅಪ್ಪನ ಡ್ರಿಲ್ ಮೈದಾನದಿಂದ ಬಂದದ್ದು: ತಪ್ಪಿಸಿದವರಿಗೆ ಕ್ಷಮೆ ಇಲ್ಲ.

ಆ ಬಿಸಿ ಮೊದಲು ತಾಗಿದ್ದು ಕೆಂಪಣ್ಣನವರಿಗೆ. ಲೆಕ್ಕಪತ್ರ ಮುಗಿಸುವ ಗಡಿಬಿಡಿಯಲ್ಲಿ ಕೆಲವು ವಾರ ಬಂದಿರಲಿಲ್ಲ, ಮನೆಯಲ್ಲೂ ಮಾಡಿರಲಿಲ್ಲ. ಬಂದ ದಿನ ಬಾಗಿಲಲ್ಲೇ ಹಿಡಿದಳು. ಎಲ್ಲರ ಎದುರಿಗೆ, ಅಷ್ಟು ದಿನ ಗಳಿಸಿದ್ದನ್ನೆಲ್ಲ ನೀರಿನಲ್ಲಿ ಹೋಮ ಮಾಡಿದಿರಿ, ನಿಮ್ಮಂಥವರಿಗಾಗಿ ನಾನು ಯಾಕೆ ಗಂಟಲು ಹರಕೊಳ್ಳಬೇಕು ಎಂದು ಕೇಳಿದಳು. ಕೆಂಪಣ್ಣ ನಕ್ಕರು. ತಪ್ಪಾಯ್ತು ಕಣಮ್ಮ ಅಂದರು. ಕುರ್ಚಿಯ ಮೇಲೆ ಕೂತು ಹೇಳಿದ್ದನ್ನೆಲ್ಲ ಮಾಡಿದರು. ಮುಂದಿನ ಶುಕ್ರವಾರ ಸುಶೀಲಮ್ಮ ಒಬ್ಬರೇ ಬಂದರು. ಅದನ್ನೆಲ್ಲ ಕಲ್ಲಯ್ಯ ಪಕ್ಕದ ಕುರ್ಚಿಯಿಂದ ನೋಡಿದ್ದ.

ಕಲ್ಲಯ್ಯನ ಪಕ್ಕದ ಮನೆಯಲ್ಲಿ ರೋಹನ್ ಎಂಬ ಬೆಂಗಳೂರಿನ ಹುಡುಗ, ಅವನ ಹೆಂಡತಿ, ಒಂದು ಕೂಸು. ಅವನ ಕೆಲಸ ಹೋಯಿತು, ಸಾಮಾನು ಕಟ್ಟಿದರು. ಯಾರಾದರೂ ಊರು ಬಿಡುವಾಗ ಸುತ್ತಲಿನವರೆಲ್ಲ ಸೇರಿ ಸಾಮಾನು ಇಳಿಸಿಕೊಡುವುದು ಆ ದಿನಗಳ ಪದ್ಧತಿ. ಮದುವೆಗೆ ಹೋಗದಿದ್ದರೂ ನಡೆಯುತ್ತಿತ್ತು, ಇದಕ್ಕೆ ಹೋಗದಿದ್ದರೆ ನಡೆಯುತ್ತಿರಲಿಲ್ಲ. ಕಲ್ಲಯ್ಯನ ಮೈ ಅವತ್ತು ಹತ್ತಿಯಷ್ಟು ಹಗುರವಾಗಿತ್ತಂತೆ. ಅಷ್ಟು ವಾರ ಮಾಡಿದ ಸಾಧನೆ, ಒಳಗೊಳಗೇ ಹಮ್ಮು. ವಾಷಿಂಗ್ ಮಷೀನಿನ ಒಂದು ತುದಿಗೆ ಕೈ ಹಾಕಿದ. ಎರಡು ಮಹಡಿ ಇಳಿಸಿದ. ಅದು ಸಾಲದೆಂಬಂತೆ ಮೇಲೆ ಹೋಗಿ ಕಪಾಟನ್ನೂ ಇಳಿಸಿದ. ಮರುದಿನ ಬೆಳಗ್ಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಲಾಗಲಿಲ್ಲ.

ಹೆಂಡತಿ ಈರವ್ವನಿಗೆ ಅಷ್ಟೇ ಸಾಕಾಯಿತು. ವ್ಯಾಯಾಮವೂ ಬೇಡ, ಏನೂ ಬೇಡ ಎಂದು ಗಂಡನ ಸೊಂಟಕ್ಕೆ ಬಿಸಿನೀರಿನ ಚೀಲ ಕಟ್ಟಿ ಮಲಗಿಸಿದಳು. ಅವನು ಗುಳಿಗೆ ನುಂಗಿ ಡ್ಯೂಟಿಗೆ ಹೋಗುತ್ತಿದ್ದ, ಬಂದು ಮಲಗುತ್ತಿದ್ದ. ಶುಕ್ರವಾರ ಬರಲಿಲ್ಲ. ಅದರ ಮುಂದಿನ ಶುಕ್ರವಾರವೂ ಬರಲಿಲ್ಲ. ಸುವರ್ಣಾ ಫೋನು ಮಾಡಿದರೆ, ಶಿಫ್ಟ್ ಬದಲಾಗೈತ್ರಿ ಅಕ್ಕಾರ, ಮನ್ಯಾಗ ಮಾಡಾಕತ್ತೀನ್ರಿ ಅನ್ನುತ್ತಿದ್ದ. ನಮ್ಮವರ ಹಣೆಬರಹವೇ ಇದು ನೋಡಿ. ಡಾಕ್ಟರ ಮುಂದೆ, ಮಾಸ್ತರರ ಮುಂದೆ ‘ಇಲ್ಲ’ ಅನ್ನುವುದು ಅಮರ್ಯಾದೆ. ಅದಕ್ಕೆ ‘ಹೂಂ’ ಅಂದು ಸುಳ್ಳು ಹೇಳುವುದೇ ಮರ್ಯಾದೆ.

ಒಂದು ಸಂಜೆ ಹೈಪರ್‌ಮಾರ್ಕೆಟ್ಟಿನಲ್ಲಿ ಸುವರ್ಣಾ ಅವನನ್ನು ಕಂಡಳು. ಟ್ರಾಲಿಯ ಮೇಲೆ ಮೈಯೆಲ್ಲ ಊರಿ, ಒಂದೊಂದು ಹೆಜ್ಜೆಗೂ ತುಟಿ ಕಚ್ಚಿಕೊಂಡು ಬರುತ್ತಿದ್ದ. ಇವಳನ್ನು ನೋಡಿದ್ದೇ ತಡ, ಅಕ್ಕಿಯ ಮೂಟೆಗಳ ಸಾಲಿಗೆ ತಿರುಗಿಕೊಂಡ. ಅಷ್ಟು ನೋವಿನಲ್ಲೂ ಎಂಥ ಅವಸರದಲ್ಲಿ ತಿರುಗಿದನೆಂದರೆ, ಟ್ರಾಲಿಯ ಚಕ್ರ ಮೂಟೆಗೆ ಬಡಿಯಿತು. ಸುವರ್ಣಾ ಕೈಯಲ್ಲಿದ್ದ ಮೆಂತ್ಯದ ಕಟ್ಟನ್ನು ಅಲ್ಲೇ ಇಟ್ಟು ಮನೆಗೆ ಬಂದಳು.

ಮನೆಯಲ್ಲಿ ಅವಳ ಸಿಟ್ಟು ಗಂಡನ ಮೇಲೆ ಸುರಿಯಿತು. ಟೆಸ್ಟ್ ತಲೆಯ ಮೇಲೆ ಬಂದು ಕೂತಿದೆ, ಈ ಮನುಷ್ಯ ಸ್ವಲ್ಪ ನೋವಿಗೇ ಹೆದರಿ ಎಲ್ಲ ಬಿಟ್ಟು ಕೂತಿದ್ದಾನೆ, ಮೇಲೆ ಸುಳ್ಳು ಬೇರೆ ಎಂದು ಹಾರಾಡಿದಳು. ಸಚ್ಚಿದಾನಂದ ಮಾತು ಕಡಿಮೆಯ ಆಸಾಮಿ. ಎಲ್ಲ ಕೇಳಿಸಿಕೊಂಡು, ತಟ್ಟೆ ಸಿಂಕಿನಲ್ಲಿಟ್ಟು ಹೇಳಿದ.

“ಅವ ನೋವಿಗೆ ಹೆದರಿಲ್ಲ ಸುವರ್ಣಾ. ನೋವಿನ ಜೋಡಿ ಎಂಟು ವರ್ಷ ಬಾಳೇವು ಮಾಡ್ಯಾನ. ಅವ ಹೆದರಿದ್ದು ನಿನಗ.”

ಆ ಮಾತು ಕಪಾಳಕ್ಕೆ ಹೊಡೆದ ಹಾಗಾಯಿತು. ಸುವರ್ಣಾಳಿಗೆ ನಗುತ್ತಲೇ ಹೊರಟುಹೋದ ಕೆಂಪಣ್ಣನವರ ಮುಖ ಕಣ್ಣೆದುರು ಬಂತು. ಬಿಟ್ಟವರನ್ನು ಬೈದರೆ ಉಳಿದವರು ಬಿಡುವುದಿಲ್ಲ ಎಂದು ಅವಳು ತಿಳಿದಿದ್ದಳು. ಆದದ್ದೇನು? ಬಿಟ್ಟವರು ತಿರುಗಿ ಬರುವ ಬಾಗಿಲಲ್ಲಿ ತಾನೇ ಬೆತ್ತ ಹಿಡಿದು ನಿಂತಂತಾಗಿತ್ತು. ವರ್ಷಾನುಗಟ್ಟಲೆ ನೋವಿರುವವರು ಒಂದಲ್ಲ ಒಂದು ದಿನ ಬಿಟ್ಟೇ ಬಿಡುತ್ತಾರೆ. ಹಬ್ಬ ಬರುತ್ತದೆ, ಜ್ವರ ಬರುತ್ತದೆ, ಯಾರದೋ ವಾಷಿಂಗ್ ಮಷೀನು ಬರುತ್ತದೆ. ಬಿಡದಂತೆ ಮಾಡುವುದು ಯಾರ ಕೈಲೂ ಆಗದ ಕೆಲಸ. ತಿರುಗಿ ಹಿಡಿಯುವುದನ್ನು ಸುಲಭ ಮಾಡುವುದೇ ತನ್ನ ಕೆಲಸ ಎಂದು ಇಷ್ಟು ವರ್ಷವಾದ ಮೇಲೆ ಅವಳಿಗೆ ಹೊಳೆಯಿತು. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು.

ಮರುದಿನ ಕಲ್ಲಯ್ಯನ ಮನೆಗೆ ಹೋದಳು. ಈರವ್ವ ಬಾಗಿಲು ತೆರೆದು ಗಾಬರಿಯಾದಳು. ಕಲ್ಲಯ್ಯ ಮಂಚದಿಂದ ಏಳಲು ಒದ್ದಾಡಿದ. ಸುವರ್ಣಾ ಅವನನ್ನು ಏಳಗೊಡದೆ ಮೊದಲು ಕೇಳಬೇಕಾದ್ದನ್ನೆಲ್ಲ ಕೇಳಿದಳು. ಕಾಲಲ್ಲಿ ಜೋಮು, ಶಕ್ತಿ ಇಲ್ಲದಂತಾಗುವುದು, ಮೂತ್ರಕ್ಕೆ ಹೋಗುವಾಗ ತೊಂದರೆ, ಏನಾದರೂ ಇದೆಯಾ? ಯಾವುದೂ ಇರಲಿಲ್ಲ. ಬೆರಳು ಒತ್ತಿ, ಕಾಲು ಎತ್ತಿಸಿ ನೋಡಿದಳು. ಬೆನ್ನು ಮುನಿಸಿಕೊಂಡಿತ್ತು, ಮುರಿದಿರಲಿಲ್ಲ. ಆಮೇಲೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

“ಕಲ್ಲಯ್ಯನವರ, ನೀವು ಬಿಟ್ಟದ್ದು ತಪ್ಪಲ್ಲರಿ. ತಿರುಗಿ ಬರೂ ದಾರಿ ನಾನು ಬಂದ್ ಮಾಡಿದ್ದೆ, ತಪ್ಪು ಅದು. ನಂದು.”

ಕಲ್ಲಯ್ಯ ವಾಷಿಂಗ್ ಮಷೀನಿನ ಕತೆ ಪೂರ್ತಿ ಹೇಳಿದ, ಕಪಾಟಿನ ಕತೆಯನ್ನೂ ಹೇಳಿದ. ಮಗಳ ವಿಷಯ ಬಂದಾಗ ಪರೀಕ್ಷೆಗೆ ಉಳಿದ ತಿಂಗಳುಗಳನ್ನು ಬೆರಳು ಮಡಿಸಿ ಎಣಿಸಿದ. ಸುವರ್ಣಾ ಬೈಯಲಿಲ್ಲ, ಅವಳಿಗೆ ಎಷ್ಟು ಕಷ್ಟವಾಗಿರಬೇಕು ಊಹಿಸಿ. ಮಾಡುತ್ತಿದ್ದುದರ ಅರ್ಧದಿಂದ ಅಲ್ಲ, ಅರ್ಧದ ಅರ್ಧದಿಂದ ಶುರುಮಾಡೋಣ ಅಂದಳು. ಅವತ್ತು ಅವನು ಕುರ್ಚಿಯಿಂದ ಎದ್ದು ಕೂತದ್ದು ಎರಡೇ ಸಲ. ನೋವಿನ ದಿನಗಳಲ್ಲಿ ಮೈಯನ್ನು ಮಲಗಿಸುವುದಲ್ಲ, ಮೆಲ್ಲಗೆ ಆಡಿಸುವುದು ಎಂದು ಈರವ್ವನಿಗೂ ತಿಳಿಸಿ ಹೇಳಿದಳು. ನಾ ಛಲೋ ಮಾಡಾಕ ಹೋಗಿ ಇದ್ದ ಗಂಟು ಇನ್ನಷ್ಟು ಬಿಗಿ ಮಾಡಿದ್ನೇನು ಎಂದು ಈರವ್ವ ಪೇಚಾಡಿಕೊಂಡಾಗ, ನಾವಿಬ್ಬರೂ ಕೂಡೇ ಮಾಡೀವಿ ಬಿಡ್ರಿ ಎಂದು ಸುವರ್ಣಾ ನಕ್ಕಳು.

ಅಲ್ಲಿಂದ ನೇರ ಕೆಂಪಣ್ಣನವರ ಮನೆಗೆ ಹೋಗಿ ಅವರ ಮುಂದೆಯೂ ಹೀಗೇ ತಲೆ ತಗ್ಗಿಸಿದಳು. ಶುಕ್ರವಾರಕ್ಕೆ ಹೊಸ ನಿಯಮ ಬಂತು. ವ್ಯಾಯಾಮ ಮುಗಿದ ಮೇಲೆ ಎಲ್ಲರಿಗೂ ಸುವರ್ಣಾ ಅವಲಕ್ಕಿಯೋ ಉಪ್ಪಿಟ್ಟೋ ಕೊಡುತ್ತಿದ್ದಳು, ಇನ್ನು ಅದರಲ್ಲಿ ಮೊದಲ ತಟ್ಟೆ ನಡುವೆ ಬಿಟ್ಟು ತಿರುಗಿ ಬಂದವರಿಗೆ. ದಿನಾ ತಪ್ಪದೆ ಮಾಡುವವರು ಆಮೇಲೆ. ಮೊದಲ ವಾರ ಆ ತಟ್ಟೆಗೆ ಕೆಂಪಣ್ಣ, ಕಲ್ಲಯ್ಯ ಇಬ್ಬರೂ ಹಕ್ಕುದಾರರು. ಹಿರಿಯರಿಗೆ ಮೊದಲು ಎಂದು ಕಲ್ಲಯ್ಯ ಕೊಟ್ಟ. ಕೆಂಪಣ್ಣ ಗತ್ತಿನಿಂದ ತೆಗೆದುಕೊಂಡು, ನೋಡಿ, ನಾನು ಕಷ್ಟಪಟ್ಟು ಬಿಟ್ಟದ್ದಕ್ಕೆ ಸಿಕ್ಕಿರೋದು ಇದು ಎಂದರು. ಸುಶೀಲಮ್ಮ ಗಂಡನ ತೋಳು ಚಿವುಟಿದರು. ಪ್ಯಾಟ್ರಿಷಿಯಾ ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಳು. ಅಂದಿನಿಂದ ಆ ನಡುಮನೆಯಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಈ ವಾರ ಮಾಡಲೇ ಇಲ್ಲ ಎಂದು ಬಾಗಿಲಲ್ಲೇ ಹೇಳಿಕೊಂಡು ಒಳಗೆ ಬರುವವರೂ ಹುಟ್ಟಿಕೊಂಡರು.

ಟೆಸ್ಟಿನ ದಿನ ಬಂತು. ಕಲ್ಲಯ್ಯ ಮೊದಲಿನ ಮಟ್ಟಕ್ಕೆ ಬಂದಿದ್ದ, ಅದಕ್ಕಿಂತ ಹೆಚ್ಚಿಗೇನೂ ಅಲ್ಲ. ಸುವರ್ಣಾ ಬೆಳಗ್ಗೆಯಿಂದ ಒಲೆಯ ಮೇಲೆ ಇಟ್ಟದ್ದನ್ನೆಲ್ಲ ಸೀಯಿಸಿದಳು. ಸಂಜೆ ಬಾಗಿಲು ಬಡಿದ ಸದ್ದಾದಾಗ ಸೌಟು ಕೈಯಲ್ಲಿ ಹಿಡಿದೇ ಓಡಿದಳು. ಕಲ್ಲಯ್ಯನೂ ಈರವ್ವನೂ ನಿಂತಿದ್ದರು. ಅವನ ಮುಖ ನೋಡಿ ಏನೂ ತಿಳಿಯಲಿಲ್ಲ. ಒಳಗೆ ಬಂದು, ಕೈ ಊರದೆ ಕುರ್ಚಿಯಲ್ಲಿ ಕೂತು, ನಡೆದದ್ದನ್ನು ಸಾವಕಾಶವಾಗಿ ಹೇಳಿದ.

ಡಾಕ್ಟರು ಒಬ್ಬೊಬ್ಬರನ್ನೂ ಎಲ್ಲಾದರೂ ನೋವಿದೆಯಾ ಎಂದು ಕೇಳುತ್ತಿದ್ದರಂತೆ. ಒಳಗೆ ಹೋದವರೆಲ್ಲ ‘ನೋ ಸರ್’. ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಬಂದವನೂ ‘ನೋ ಸರ್’. ತಾನೂ ಅದನ್ನೇ ಅನ್ನಬೇಕೆಂದು ಬಾಯಿಪಾಠ ಮಾಡಿಕೊಂಡು ಹೋಗಿದ್ದನಂತೆ ಕಲ್ಲಯ್ಯ. ಕೂತಮೇಲೆ ಏನಾಯಿತೋ, ಬಾಯಿಂದ ಬೇರೆಯದೇ ಬಂತಂತೆ.

“ಐತಿ ಅಂದೆ ಅಕ್ಕಾರ. ಎಂಟು ವರ್ಷಾತು ಐತಿ, ನಾಳೇನೂ ಇರ್ತೈತಿ. ದಿನಾ ಏನ್ ಮಾಡ್ತೀನಿ ತೋರಿಸ್ತೀನಿ, ನೋಡಿ ಬರೀರಿ ಅಂದೆ.”

ಸುವರ್ಣಾ ಸೆರಗು ಬಾಯಿಗೆ ಒತ್ತಿಕೊಂಡಳು. ಹಾಗೆ ಹೇಳಿಬಿಡಿ ಎಂದು ಅವಳು ಹೇಳಿಕೊಟ್ಟಿರಲಿಲ್ಲ. ಹೇಳುವ ಧೈರ್ಯ ಅವಳಿಗೂ ಇರುತ್ತಿರಲಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟು ನೋಡಿದರಂತೆ. ಕುರ್ಚಿಯಿಂದ ಎದ್ದದ್ದು, ಕೂತದ್ದು, ಹಿಮ್ಮಡಿ ಎತ್ತಿದ್ದು, ನೆಲದಲ್ಲಿ ಕೂತು ಎದ್ದದ್ದು. ಆಮೇಲೆ ಹೊರಗೆ ಕರೆದೊಯ್ದು ಕಬ್ಬಿಣದ ಏಣಿಯನ್ನೂ ಹತ್ತಿಸಿದರಂತೆ. ಅರ್ಧಕ್ಕೆ ಸೊಂಟ ಹಿಡಿಯಿತಂತೆ. ಅವಸರ ಮಾಡಲಿಲ್ಲ, ನಿಲ್ಲಲೂ ಇಲ್ಲ, ಉಸಿರು ಬಿಟ್ಟು ಬಿಟ್ಟು ಹತ್ತಿದೆ ಅಂದ. ಫಿಟ್ ಎಂದು ಬರೆದುಕೊಟ್ಟರು. ಇದನ್ನೆಲ್ಲ ಕಲಿಸಿದ್ದು ಯಾರು ಎಂದು ಕೇಳಿದ್ದಕ್ಕೆ, ನಮ್ಮ ಕಡೆಯ ಹೆಣ್ಣುಮಗಳು, ಬೈದರೂ ಅವಳೇ, ಎಬ್ಬಿಸಿದರೂ ಅವಳೇ ಎಂದು ಹೇಳಿ ಬಂದನಂತೆ. ಸುವರ್ಣಾ ಅತ್ತಳು. ಕ್ಲಿನಿಕ್ಕಿನವರು ಮನೆಗೆ ಕಳಿಸಿದಾಗ ಅಳದೆ ಉಳಿಸಿಕೊಂಡದ್ದೆಲ್ಲ ಅವತ್ತು ಹರಿಯಿತು.

ಅದಾಗಿ ಕೆಲವು ವಾರ ಕಳೆದಿರಬೇಕು. ಒಂದು ಭಾನುವಾರ ಮಸುಕು ಬೆಳಕಿನಲ್ಲಿ ಖುಷಿಯನ್ನು ಸ್ಕೂಲ್ ವ್ಯಾನಿಗೆ ಹತ್ತಿಸಲು ಸುವರ್ಣಾ ಕೆಳಗಿಳಿದಳು. ವ್ಯಾನು ಅವತ್ತು ಅವರ ಓಣಿಗೆ ಬರದೆ ದೊಡ್ಡ ರಸ್ತೆಯಲ್ಲೇ ನಿಲ್ಲುವುದಿತ್ತು. ಅಲ್ಲಿ ರಸ್ತೆಯ ಆಚೆ ಬದಿ ಉಕ್ಕಿನ ಕಾರ್ಖಾನೆಯ ಬಸ್ಸು. ಹತ್ತುವ ಮೊದಲು ಗಂಡಸರು ಅಲ್ಲಿನ ಕಂಬಿ ಹಿಡಿದು ಸಾಲಾಗಿ ನಿಂತಿದ್ದರು. ತಲೆಗೆ ಹೆಲ್ಮೆಟ್ಟು, ಕಾಲಿಗೆ ಸೇಫ್ಟಿ ಬೂಟು. ಎಲ್ಲರೂ ಒಟ್ಟಿಗೆ ಹಿಮ್ಮಡಿ ಎತ್ತುತ್ತಿದ್ದರು, ಒಟ್ಟಿಗೆ ಇಳಿಸುತ್ತಿದ್ದರು. ಸಾಲಿನ ತುದಿಯಲ್ಲಿ ಕಲ್ಲಯ್ಯ. ಬಸ್ಸಿನ ಒಮಾನಿ ಡ್ರೈವರ್ ಬಾಸಿಲ್ ಹಾರ್ನು ಹಾಕದೆ, ತನ್ನ ಬಿಳಿ ನಿಲುವಂಗಿಯಲ್ಲಿ ಬಾಗಿಲ ಬಳಿ ನಿಂತು ತಾನೂ ಎರಡು ಸಲ ಹಿಮ್ಮಡಿ ಎತ್ತಿ ನೋಡಿದ.

“ವಾಟ್ ಆರ್ ದೇ ಡೂಯಿಂಗ್, ಅಮ್ಮಾ?” ಎಂದು ಖುಷಿ ಕೇಳಿದಳು.

ಸುವರ್ಣಾ ಒಂದೊಂದೇ ಮುಖ ನೋಡುತ್ತಾ ಹೋದಳು. ಬಿಹಾರದವರು, ಕೇರಳದವರು, ಪಾಕಿಸ್ತಾನದವರು, ಒಬ್ಬ ಫಿಲಿಪ್ಪೀನ್ಸಿನವನು. ಕಲ್ಲಯ್ಯನನ್ನು ಬಿಟ್ಟರೆ ಅವರಲ್ಲಿ ಒಬ್ಬನೂ ಅವಳ ಪೇಷಂಟಲ್ಲ, ಒಬ್ಬನ ಹೆಸರೂ ಅವಳಿಗೆ ಗೊತ್ತಿಲ್ಲ. ಹೆಮ್ಮೆಯಿಂದ ಅವಳ ಎದೆ ಒಡೆಯುವಷ್ಟು ತುಂಬಿತು. ಅಷ್ಟರಲ್ಲಿ ಕಾರ್ಖಾನೆಯ ಮ್ಯಾನೇಜರನ ಬಿಳಿ ಕಾರು ಬಸ್ಸನ್ನು ದಾಟಿಕೊಂಡು ಮೆಲ್ಲಗೆ ಮುಂದೆ ಹೋಯಿತು. ಸಾಲಿನಲ್ಲಿ ಯಾರೂ ಕಂಬಿ ಬಿಡಲಿಲ್ಲ.